ನನ್ನ ಕಡೆ ಆಯ್ತು

ಮಾರ್ಚ್ 3, ಸೋಮವಾರ

ಹಾಲು ಉಕ್ಕಿತು. ಒಲೆ ಒರೆಸಿ, ಅಮ್ಮನ ಕೈಲಿ ಬೈಸಿಕೊಂಡು, ಬಸ್ಸು ತಪ್ಪಿಸಿಕೊಂಡು ಫಿಸಿಕ್ಸ್ ಡಿಪಾರ್ಟ್‌ಮೆಂಟ್ ಮುಟ್ಟೋ ಹೊತ್ತಿಗೆ ರೇಡಿಯೋ ಆಗಲೇ ಬಂದು ಕೂತಿದ್ದ. ಗೋಡೆ ಕಡೆ ಮುಖ. ಕಿವಿಗೆ ಹೆಡ್‌ಫೋನು. "ಗುಡ್ ಮಾರ್ನಿಂಗ್ ಮೇಡಂ." ಅಷ್ಟೇ.

ಆರು ವರ್ಷದಿಂದ ಒಂದೇ ರೂಮು, ಎದುರುಬದುರು ಮೇಜು. ಬಾಯಿಗೆ ಬಿಡುವಿಲ್ಲದವನು ಅಂತ ರೇಡಿಯೋ ಅನ್ನೋ ಹೆಸರು ನಾನೇ ಇಟ್ಟಿದ್ದು. ಅಕ್ಕಾ ಅಕ್ಕಾ ಅಂತ ತಲೆ ತಿಂತಿದ್ದ. ಈಗ ಮೇಡಂ! ಪರ್ಮನೆಂಟ್ ಪೋಸ್ಟ್ ಒಂದು ಬಂತು, ಒಂದೇ ಒಂದು. ನಾನೂ ಅರ್ಜಿ ಹಾಕಿದೆ, ಹೇಳಲಿಲ್ಲ. ಅವನೂ ಹಾಕಿದ, ಹೇಳಲಿಲ್ಲ. ಆಫೀಸಿನ ಕ್ಲರ್ಕಮ್ಮ ಒಂದೇ ದಿನ ಇಬ್ಬರ ಕಿವಿಗೂ ಹಾಕಿದಳು. ಅವತ್ತಿಂದ ರೇಡಿಯೋ ಬಂದ್. ಸೋಸಿ ಸೋಸಿ ಕೊನೆಗೆ ಪಟ್ಟಿಯಲ್ಲಿ ಉಳಿದಿರೋದು ನಾವಿಬ್ಬರೇ. ಮೂರನೆಯವರು ಇದ್ದಿದ್ರೆ ಸೇರ್ಕೊಂಡು ಅವರನ್ನಾದ್ರೂ ಬೈಬಹುದಿತ್ತು.

ಕೋಡ್ ಮಾತ್ರ ಇನ್ನೂ ಜಂಟಿ. ಅದರೊಳಗೆ ಎರಡು ಬಗೆ ಕಣಗಳು, ಬೋಸಾನ್‌ಗಳು — ಕೆಂಪು, ನೀಲಿ ಅಂತ ಕರೀತೀವಿ. ಕೆಂಪಿನ ಫೈಲು ನನ್ನದು, ನೀಲಿ ಅವನದು, ಮಧ್ಯೆ ಒಂದು ಕಾಮನ್ ಫೈಲು. ಮುಂಚೆ ರನ್ ಒತ್ತೋ ಮೊದಲು ಒಂದು ಶಾಸ್ತ್ರ ಇತ್ತು. ನಾನು ಕೂಗ್ಬೇಕು, "ನನ್ನ ಕಡೆ ಆಯ್ತು. ನಿನ್ನ ಕಡೆ?" ಅವನು ಕೂಗ್ಬೇಕು, "ನನ್ನ ಕಡೆ ಆಯ್ತು!" ಆಮೇಲೇ ಎಂಟರ್. ಪಕ್ಕದ ರೂಮಿನವರು ಗೋಡೆ ಬಡೀತಿದ್ರು. ಈಗ ಶಾಸ್ತ್ರವೂ ಇಲ್ಲ, ಮಾತೂ ಇಲ್ಲ. ಸುಮ್ಮನೆ ಒತ್ತೋದು.

ಕಾಮನ್ ಫೈಲು ಕಸದ ಬುಟ್ಟಿ ಆಗಿತ್ತು, ಹೋದ ವಾರ ಗುಡಿಸಿದೆ. ಫ್ಲಕ್ಸ್ ತೂರಿಸೋ ಲೈನು ಅಲ್ಲಿಂದ ತೆಗೆದು ನನ್ನ ಫೈಲಿಗೆ ಹಾಕ್ಕೊಂಡೆ. ಅವನದು ಅವನು ನೋಡ್ಕೊಳ್ಳಲಿ.

ಸಂಜೆ ರನ್ ಮುಗೀತು. ಉತ್ತರ 1.

ಒಂದು?


ಮಾರ್ಚ್ 5, ಬುಧವಾರ

ಮತ್ತೆ ಒಂದು. ದೊಡ್ಡ ಸೈಜಿನಲ್ಲೂ ಒಂದೇ. ಅತ್ತಿತ್ತ ಅಲ್ಲಾಡ್ತಿಲ್ಲ.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು — "ಅದೇನೇ ಎರಡು ದಿನದಿಂದ ಒಂದು ಒಂದು ಅಂತ ಗೊಣಗ್ತಿದ್ದೀಯ? ಜಪವೇನೇ?"

ಹೇಳಿದೆ. ತಟ್ಟೆಯಂಥ ಒಂದು ಪದಾರ್ಥ ಅಂದ್ಕೋ. ಒಳಗೆಲ್ಲ ಕರೆಂಟ್ ಹರಿಯಲ್ಲ, ಅಂಚಿನಲ್ಲಿ ಮಾತ್ರ ಹರಿಯುತ್ತೆ. ತಟ್ಟೆ ನಡುವೆ ತೂತು. ಆ ತೂತಿನಲ್ಲಿ ಆಯಸ್ಕಾಂತದ ಬಲ ಒಂದೇ ಒಂದು ಎಳೆ ತೂರಿಸ್ತೀವಿ, ಅದೇ ಫ್ಲಕ್ಸ್. ತೂರಿಸಿದಾಗ ನಡುವಿನಿಂದ ಅಂಚಿಗೆ ಎಷ್ಟು ಚಾರ್ಜ್ ಸರಿಯಿತು ಅಂತ ಎಣಿಸೋದು. ಎಲೆಕ್ಟ್ರಾನ್ ಆದ್ರೆ ಒಂದು, ಎರಡು, ಮೂರು, ಯಾವುದು ಬೇಕಾದ್ರೂ ಬರಬಹುದು. ಬೋಸಾನ್ ಆದ್ರೆ, ಅದೂ ಕಣ ಒಡೆದು ಚೂರಾಗದೆ ಇದ್ರೆ, ಸಮಸಂಖ್ಯೆಯೇ ಬರಬೇಕು. ಎರಡು, ನಾಲ್ಕು... ಬೆಸ ಬರೋ ಹಾಗೇ ಇಲ್ಲ.

"ನಿಮಗೆ ಬಂದಿದೆ."

"ಬಂದಿದೆ."

"ಹಾಗಾದ್ರೆ ಒಂದೋ ನಿಯಮ ಸುಳ್ಳು, ಇಲ್ಲ ನೀವು ಸುಳ್ಳು."

ಇಡೀ ಡಿಪಾರ್ಟ್‌ಮೆಂಟು ಎರಡು ದಿನದಿಂದ ಇದನ್ನೇ ಸುತ್ತಿ ಬಳಸಿ ಹೇಳ್ತಿದೆ. ಕಣ ಒಡೆದಿಲ್ಲ ಅಂತ ಚೆಕ್ ಮಾಡಿದೆ. ಎರಡು ಸಲ.


ಮಾರ್ಚ್ 8, ಶನಿವಾರ

ಅಮ್ಮನ ಹೊಲಿಗೆ ಮೆಷಿನ್ ಬೆಳಗಿಂದ ನಿಂತಿಲ್ಲ. ಹೋಗಿ ನೋಡಿದ್ರೆ ಬೂದು ಕೋಟು. ಗಂಡಸರದ್ದು.

"ಯಾರದ್ದು?"

"ರೇಡಿಯೋದು. ಈಗ ಇಂಟರ್‌ವ್ಯೂಗೆ ಬೇಕಲ್ಲ. ಪೋಸ್ಟ್ ಬರೋ ಮುಂಚೆ, ಡಿಸೆಂಬರಲ್ಲೇ ಅಳತೆ ಕೊಟ್ಟಿದ್ದ."

"ಅಮ್ಮಾ! ಅವನು ನನ್ನ ಎದುರಾಳಿ ಕಣೇ."

"ಅಳತೆ ತಗೊಂಡಾಗ ನಿನ್ನ ತಮ್ಮನ ಹಾಗಿದ್ದ. ತಗೊಂಡ ಅಳತೆಗೆ ಹೊಲೀತೀನಿ. ನಿಮ್ಮ ಜಗಳ ನಿಮ್ಮ ಆಫೀಸಲ್ಲಿ ಇಟ್ಕೊಳ್ಳಿ." ದಾರ ಕಚ್ಚಿ ತುಂಡು ಮಾಡಿ ಮತ್ತೆ ಪೆಡಲ್ ತುಳಿದಳು. ತೋಳು ಇನ್ನೂ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿದೆ. ಹಾಕಿ ನೋಡಿದ ಮೇಲೇ ಗಟ್ಟಿ ಹೊಲಿಗೆ ಅಂತೆ. ಹಾಕಿ ನೋಡೋಕೆ ಸಾಹೇಬರು ಬರಬೇಕಲ್ಲ. ಮುಂಚೆ ಶನಿವಾರ ಊಟ ಇಲ್ಲೇ ಮಾಡ್ತಿದ್ದ, ಅಮ್ಮನ ತಲೆಯನ್ನೂ ತಿಂದು ಹೋಗ್ತಿದ್ದ.

ಈ ಪೋಸ್ಟ್ ನನಗೆ ಬೇಕು. ಇಲ್ಲಿ ಯಾರೂ ಓದಲ್ಲ, ಧೈರ್ಯವಾಗಿ ಬರೀತೀನಿ — ಬೇಕು. ನನ್ನ ಕಾಂಟ್ರಾಕ್ಟ್ ಮೇ ಕೊನೆಗೆ ಮುಗಿಯುತ್ತೆ. ಇಲ್ಲಿಗೆ ಬರೋ ಮುಂಚೆ ಮೂರು ಊರು ಸುತ್ತಿದ್ದೀನಿ, ಪ್ರತಿ ಸಲ ಅಮ್ಮ ಮೆಷಿನ್ ಮಡಚಿಕೊಂಡು ಹಿಂದೆ ಬಂದಿದ್ದಾಳೆ. ಪ್ರತಿ ಊರಲ್ಲೂ ಗಿರಾಕಿಗಳನ್ನ ಸೊನ್ನೆಯಿಂದ ಕಟ್ಟಿದ್ದಾಳೆ. ಈ ಬೀದಿಯಲ್ಲಿ ಈಗ ಅವಳನ್ನ ಹೆಸರು ಹಿಡಿದು ಕೇಳ್ಕೊಂಡು ಬರ್ತಾರೆ. ಎದುರು ಮನೆ ನರ್ಸು, ಮೂಲೆ ಅಂಗಡಿಯಾತ, ಶಾಲೆ ಟೀಚರು. "ಇನ್ನೊಂದು ಸಲ ನನ್ನ ಕೈಲಾಗಲ್ಲಮ್ಮ," ಅಂದಿದ್ಲು ಹೋದ ವರ್ಷ, ಮಂಡಿ ಒತ್ತಿಕೊಳ್ತಾ. ಆಮೇಲೆ ಆ ಮಾತು ಎತ್ತಿಲ್ಲ. ಅದೇ ಕಷ್ಟ. ಎತ್ತಿದ್ರೆ ಜಗಳ ಆಡಬಹುದಿತ್ತು.


ಮಾರ್ಚ್ 11, ಮಂಗಳವಾರ

ನಮ್ಮ ಗ್ರೂಪಿನ ಹೆಡ್ಡು, ಮೇಷ್ಟ್ರು, ಕರೆಸಿದ್ರು. ಇಬ್ಬರನ್ನೂ. ಕಣ್ಣಲ್ಲಿ ಮಿಂಚು. "ನೋಡಮ್ಮ, ಇದು ನಿಜ ಆದ್ರೆ ದೊಡ್ಡ ವಿಷಯ. ನಿಮ್ಮ ಇಂಟರ್‌ವ್ಯೂ ಸೆಮಿನಾರಲ್ಲಿ ಹೇಳ್ಬೇಕು. ಆದ್ರೆ ಇಬ್ಬರೂ ಅದನ್ನೇ ಹೇಳೋಕಾಗಲ್ಲ. ನಿಮ್ಮಲ್ಲಿ ಒಬ್ಬರು."

ನಾವಿಬ್ಬರೂ ಅವರ ಮೇಜಿನ ಮೇಲಿನ ಪೇಪರ್‌ವೇಟ್ ನೋಡ್ತಾ ನಿಂತ್ವಿ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಮೇಷ್ಟ್ರೇ ನಾಣ್ಯ ಹಾರಿಸಿದ್ರು. ಅವನಿಗೆ ಬಿತ್ತು.

ಹೊಟ್ಟೆ ಉರೀತು. ಜೊತೆಗೇ ಒಂದು ಸಣ್ಣ ನೆಮ್ಮದಿ. ನನಗೆ ಆ ಒಂದರ ಮೇಲೆ ಇನ್ನೂ ನಂಬಿಕೆ ಕೂತಿಲ್ಲ. ಯಾಕೆ ಅಂದ್ರೆ ಹೇಳೋಕಾಗಲ್ಲ. ಅನ್ನ ಬೆಂದಿದೆಯೋ ಇಲ್ಲವೋ ಅಂತ ಪಾತ್ರೆ ಸದ್ದಿನಲ್ಲೇ ಗೊತ್ತಾಗುತ್ತಲ್ಲ, ಹಾಗೆ.

ಅವನಿಗೆ ಹೇಳಬೇಕಿತ್ತು. ಕಾರಿಡಾರಲ್ಲಿ ಪಕ್ಕಪಕ್ಕದಲ್ಲೇ ನಡೆದ್ವಿ. ಲಿಫ್ಟ್‌ನಲ್ಲೂ ಪಕ್ಕಪಕ್ಕ. "ಕಂಗ್ರಾಟ್ಸ್" ಅಂದೆ. "ಥ್ಯಾಂಕ್ಸ್ ಮೇಡಂ" ಅಂದ.


ಮಾರ್ಚ್ 18, ಮಂಗಳವಾರ

ನನ್ನ ಸೆಮಿನಾರ್ ಮುಗೀತು. ಹಳೇ ಕೆಲಸವನ್ನೇ ಹೇಳಿದೆ — ಇದೇ ಬೋಸಾನ್ ತಟ್ಟೆಯ ಅಂಚಿನಲ್ಲಿ ಚಾರ್ಜ್ ಒಂದು ದಿಕ್ಕಿಗೆ ಹೋಗುತ್ತೆ, ಚಾರ್ಜ್ ಇಲ್ಲದ ಇನ್ನೊಂದು ಅಲೆ ಎದುರು ದಿಕ್ಕಿಗೆ. ಕರೆಂಟ್ ಲೆಕ್ಕಕ್ಕೆ ಸಿಗುತ್ತೆ, ಶಾಖ ಮಾತ್ರ ಹೋದಷ್ಟೇ ವಾಪಸ್ ಬಂದು ಸೊನ್ನೆ ಆಗುತ್ತೆ. ಚೆನ್ನಾಗೇ ಹೇಳಿದೆ. ಯಾರೂ ನಿದ್ದೆ ಮಾಡಲಿಲ್ಲ. ಯಾರೂ ಎದ್ದು ಕೂರಲೂ ಇಲ್ಲ.

ಆಯ್ಕೆ ಸಮಿತಿಗೆ ಹೊರಗಿನಿಂದ ಬಂದಿರೋ ಪ್ರೊಫೆಸರ್ ಒಬ್ಬರಿದ್ದಾರೆ, ಬೆಳ್ಳಿಕೂದಲಿನ ಹೆಂಗಸು. "ಸಮಸಂಖ್ಯೆ" ನಿಯಮದ ಮೇಲೇ ಅರ್ಧ ಆಯಸ್ಸು ಸವೆಸಿದವರು. ನಗ್ತಾನೇ ಕೇಳ್ತಾರೆ. ಕೇಳಿದ ಮೇಲೆ ನಾವು ನಗೋ ಹಾಗಿರಲ್ಲ. ನನಗೆ ಎರಡು ಪ್ರಶ್ನೆ ಹಾಕಿದ್ರು, ಬಚಾವಾದೆ.

ಶುಕ್ರವಾರ ಅವರ ಮುಂದೆ ರೇಡಿಯೋ "ಒಂದು" ಅಂತ ಹೇಳಬೇಕು.


ಮಾರ್ಚ್ 20, ಗುರುವಾರ
ಮಧ್ಯಾಹ್ನ

ಸಿಕ್ತು. ಅಯ್ಯೋ ದೇವರೇ.

ಮಾಡೋಕೆ ಕೆಲಸ ಇರಲಿಲ್ಲ. ಸುಮ್ಮನೆ ಕೂತು, ಸರಿದ ಒಟ್ಟು ಚಾರ್ಜನ್ನ ಬಣ್ಣ ಬಣ್ಣ ಬೇರೆ ಮಾಡಿ ಪ್ಲಾಟ್ ಹಾಕಿದೆ. ಇಷ್ಟು ದಿನ ಯಾವಾಗಲೂ ಒಟ್ಟು ಮೊತ್ತವನ್ನೇ ನೋಡಿದ್ದು, ಇಬ್ಬರೂ. ಸರಿದದ್ದೆಲ್ಲ ನೀಲಿ. ಕೆಂಪು ಜಾಗ ಬಿಟ್ಟು ಕದಲೇ ಇಲ್ಲ.

ಎರಡು ಬಣ್ಣಕ್ಕೂ ನಾವು ಕೊಟ್ಟಿರೋದು ಒಂದೇ ನ್ಯಾಯ. ಒಂದು ಮಾತ್ರ ಯಾಕೆ ಸರಿಯುತ್ತೆ? ಈ ಬೋಸಾನ್‌ಗಳ ಗುಣವೇ ವಿಚಿತ್ರ: ಕೆಂಪಿಗೆ ಫ್ಲಕ್ಸ್ ಕೊಟ್ರೆ ಸರಿಯೋದು ನೀಲಿ. ನೀಲಿಗೆ ಕೊಟ್ರೆ ಸರಿಯೋದು ಕೆಂಪು. ಎರಡಕ್ಕೂ ಕೊಟ್ರೆ ಒಂದೊಂದು ಸರಿದು ಒಟ್ಟು ಎರಡು. ನೀಲಿ ಮಾತ್ರ ಸರಿದಿದೆ ಅಂದ್ರೆ ಫ್ಲಕ್ಸ್ ಬಿದ್ದಿರೋದು ಕೆಂಪಿಗೆ ಮಾತ್ರ.

ಅವನ ಫೈಲು ತೆರೆದು ನೋಡಿದೆ. ಆ ಲೈನಿಲ್ಲ. ಎಲ್ಲಿಂದ ಇರುತ್ತೆ? ಕಾಮನ್ ಫೈಲಲ್ಲಿ ಇದೆ ಅಂತ ಅವನು ನಂಬಿದ್ದಾನೆ. ಅಲ್ಲಿಂದ ಕಿತ್ತವಳು ನಾನು. ಕಿತ್ತು ನನ್ನದಕ್ಕೆ ಹಾಕ್ಕೊಂಡು, ಅವನದು ಅವನು ನೋಡ್ಕೊಳ್ಳಲಿ ಅಂತ ಕೈ ತೊಳಕೊಂಡೆ. "ನನ್ನ ಕಡೆ ಆಯ್ತು, ನಿನ್ನ ಕಡೆ?" ಅಂತ ಒಂದು ಸಲ ಕೂಗಿದ್ರೆ "ಏನಾಯ್ತು ಅಕ್ಕ? ಯಾವುದು?" ಅಂತ ಕೇಳಿರ್ತಿದ್ದ. ಬಾಯಿ ಸವೆದು ಹೋಗ್ತಿತ್ತಾ ನನಗೆ?

ಒಂದು ಲೈನ್ ಸೇರಿಸಿ ಚಿಕ್ಕ ಸೈಜಿಗೆ ರನ್ ಕೊಟ್ಟೆ. ಎರಡು. ಸೊಗಸಾಗಿ, ನಿಯಮದ ಪ್ರಕಾರ, ಎರಡು.


ಸಂಜೆ

ನಾನು ಮನೆಗೆ ಹೊರಡೋ ತನಕ ಎದುರು ಮೇಜು ಖಾಲಿ. ಮನೆಯಲ್ಲಿ ಕೂತು ನಾಳೆಗೆ ಓದ್ಕೊಳ್ತಿರಬೇಕು.

ಸುಮ್ಮನಿದ್ರೆ ಸಾಕು. ಸುಳ್ಳು ಹೇಳೋದೂ ಬೇಡ, ಬೆರಳು ಎತ್ತೋದೂ ಬೇಡ. ನಾಳೆ ಆ ಬೆಳ್ಳಿಕೂದಲು ನಗ್ತಾ ಕೇಳ್ತಾರೆ, "ಸರಿದದ್ದು ಯಾವ ಬಣ್ಣ?" ಅಂತ. ಇವನು ತೊದಲ್ತಾನೆ. ಪೋಸ್ಟ್ ನನ್ನದು. ಅಮ್ಮನ ಮೆಷಿನ್ ಕಿಟಕಿ ಪಕ್ಕದಲ್ಲೇ ಇರುತ್ತೆ, ಜೀವಮಾನ ಪೂರ್ತಿ.

ಇದನ್ನ ಬರೆದು ಒಂದು ಲೋಟ ನೀರು ಕುಡಿದೆ. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ ಮಾಡಿದ.

ಎತ್ತಲಿಲ್ಲವಲ್ಲ, ನನ್ನ ತಪ್ಪೇನಿದೆ? ಅಂತ ಒಂದು ಮನಸ್ಸು ಆಗಲೇ ವಕೀಲಿಕೆ ಶುರು ಮಾಡಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ಲು, ಕೈಯಲ್ಲಿ ಕೋಟು. "ಅವನಂತೂ ಬರಲ್ಲ. ನೀನೇ ಕೊಟ್ಟು ಬಾ. ಹಾಕಿ ನೋಡಿ ಅಲ್ಲೇ ವಾಪಸ್ ಕೊಡಲಿ, ತೋಳು ಗಟ್ಟಿ ಹೊಲೀಬೇಕು." ನನ್ನ ಮುಖ ನೋಡಿ, "ಏನಾಯ್ತೇ?"

ಹೇಳಿದೆ. ಪೂರ್ತಿ. ಸುಮ್ಮನಿದ್ರೆ ಏನಾಗುತ್ತೆ ಅನ್ನೋದನ್ನೂ.

ಅಮ್ಮ ಕೋಟಿನ ಕಾಲರ್ ಸವರಿದಳು. "ನನ್ನ ಮಂಡೀನ ಇದರ ಮಧ್ಯೆ ತರಬೇಡ" ಅಂದಳು. ಕೋಟು ನನ್ನ ಕೈಗೆ ಹಾಕಿದಳು.


ರಾತ್ರಿ, ಊಟ ಆದ ಮೇಲೆ

ಬಾಗಿಲು ಅರ್ಧ ತೆರೆದ. ಒಳಗೆ ಬಾ ಅನ್ನಲಿಲ್ಲ. ಕೋಟು ನೋಡಿದ. ನಾನು ವಿಷಯ ಹೇಳ್ತಾ ಹೋದ ಹಾಗೆ ಅವನ ಮುಖ ಗಟ್ಟಿ ಆಗ್ತಾ ಹೋಯ್ತು.

"ಮೇಡಂ, ನಾಳೆ ಬೆಳಗ್ಗೆ ಸೆಮಿನಾರು. ಇವತ್ತು ಬಂದು ತಪ್ಪು ಅಂತೀರಾ?"

"ಇವತ್ತೇ ಗೊತ್ತಾಗಿದ್ದು."

"ಎರಡು ವಾರ ಗೊತ್ತಾಗಲಿಲ್ಲ. ನಿಮ್ಮದು ಮುಗಿದ ಮೇಲೆ ಗೊತ್ತಾಯ್ತು."

ಚುಚ್ಚಿತು. ನಾನಾಗಿದ್ರೂ ಹಾಗೇ ಅಂತಿದ್ದೆ. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು. "ನನ್ನ ಮಾತು ನಂಬಬೇಡ. ಬಣ್ಣ ಬೇರೆ ಮಾಡಿ ಪ್ಲಾಟ್ ಹಾಕು. ನಿನ್ನ ಫೈಲಲ್ಲಿ ಫ್ಲಕ್ಸ್ ಲೈನ್ ಇದೆಯಾ ನೋಡು. ಕಾಮನ್ ಫೈಲಿಂದ ಅದನ್ನ ತೆಗೆದವಳು ನಾನೇ, ನಿನಗೆ ಹೇಳಲಿಲ್ಲ. ಅದು ನನ್ನ ತಪ್ಪು. ಮಿಕ್ಕಿದ್ದು ನಿನಗೆ ಬಿಟ್ಟಿದ್ದು."

ಕೋಟು ತಗೊಂಡ. ಬಾಗಿಲು ಹಾಕ್ಕೊಂಡ. ಕೋಟು ವಾಪಸ್ ಇಸ್ಕೊಳ್ಳೋದು ಮರೆತೇಹೋಯ್ತು, ಮೆಟ್ಟಿಲು ಇಳಿದ ಮೇಲೆ ನೆನಪಾಯ್ತು. ಮತ್ತೆ ಹತ್ತಿ ಹೋಗಿ ಬಾಗಿಲು ಬಡಿಯೋಕೆ ಮನಸ್ಸಾಗಲಿಲ್ಲ. ಅಮ್ಮನ ಹತ್ತಿರ ಬೈಸ್ಕೊಂಡೆ.


ಮಾರ್ಚ್ 21, ಶುಕ್ರವಾರ

ಕೊನೇ ಸಾಲಲ್ಲಿ ಕೂತಿದ್ದೆ. ರೇಡಿಯೋ ಬಂದ. ಬೂದು ಕೋಟು. ಹೆಗಲ ಸುತ್ತ, ತೋಳಿನುದ್ದಕ್ಕೂ ಬಿಳಿ ದಾರದ ಕಚ್ಚಾ ಹೊಲಿಗೆ ಎದ್ದು ಕಾಣ್ತಿತ್ತು. ಹುಚ್ಚು ಮುಂಡೇದು, ಹಾಗೇ ಹಾಕ್ಕೊಂಡು ಬಂದಿದ್ದಾನೆ! ಕಣ್ಣು ಕೆಂಡ. ನಿದ್ದೆ ಮಾಡಿಲ್ಲ.

ಮೊದಲ ಸ್ಲೈಡು — "1". ನಂಬಲಿಲ್ಲ ಇವನು, ಹೋಯ್ತು ಅಂದ್ಕೊಂಡೆ. ಬೆಳ್ಳಿಕೂದಲಿನವರು ಪೆನ್ನಿನ ಕ್ಯಾಪ್ ತೆಗೆದ್ರು.

"ನಿನ್ನೆ ಸಂಜೆ ತನಕ ನನ್ನ ಟಾಕ್ ಇದಾಗಿತ್ತು" ಅಂದ. "ಇದು ತಪ್ಪು. ಹೇಗೆ ತಪ್ಪಾಯ್ತು ಅಂತ ಹೇಳ್ತೀನಿ. ಸರಿ ಉತ್ತರಕ್ಕಿಂತ ಇದರಿಂದಲೇ ವಿಷಯ ಚೆನ್ನಾಗಿ ಅರ್ಥ ಆಗುತ್ತೆ."

ಆಮೇಲೆ ನಿಲ್ಲಲಿಲ್ಲ. ಹಳೇ ರೇಡಿಯೋ. ಕೈ ಆಡಿಸ್ತಾ, ಬೋರ್ಡ್ ಮೇಲೆ ತಟ್ಟೆ ಬರೀತಾ. ಕೆಂಪಿಗೆ ಮಾತ್ರ ಫ್ಲಕ್ಸ್ ಕೊಟ್ಟು ತೋರಿಸಿದ, ನೀಲಿ ಸರಿಯಿತು. ನೀಲಿಗೆ ಮಾತ್ರ ಕೊಟ್ಟ, ಕೆಂಪು ಸರಿಯಿತು. ಎರಡಕ್ಕೂ ಕೊಟ್ಟ, ಎರಡು. "ಎರಡು ಅನ್ನೋದು ಯಾಕೆ ಸಮ ಅಂತ ನಾನು ಆರು ವರ್ಷ ಸೂತ್ರದಲ್ಲಿ ಓದಿದ್ದೆ. ರಾತ್ರಿ ಕಣ್ಣಾರೆ ನೋಡಿದೆ. ಈ ಎರಡರಲ್ಲಿ ಯಾವುದೂ ತನಗೆ ಬಿದ್ದ ಏಟಿಗೆ ತಾನು ಸರಿಯಲ್ಲ. ಇನ್ನೊಂದಕ್ಕೆ ಬಿದ್ದ ಏಟಿಗೆ ಸರಿಯುತ್ತೆ."

ಬೆಳ್ಳಿಕೂದಲಿನವರು ಕೇಳಿದ್ರು, "ತಪ್ಪು ಹುಡುಕಿದ್ದು ನೀವೇನಾ?"

"ಇಲ್ಲ. ಅಕ್ಕ." ನಾಲಿಗೆ ಕಚ್ಚಿಕೊಂಡ. ನನ್ನ ಕಡೆ ಕೈ ತೋರಿಸಿ, ಡಾಕ್ಟರೇಟು ಗೀಕ್ಟರೇಟು ಸೇರಿಸಿ ನನ್ನ ಪೂರ್ತಿ ಹೆಸರು ಹೇಳಿದ. ಎಲ್ಲರೂ ತಿರುಗಿ ನೋಡಿದ್ರು. ನಾನು ಬ್ಯಾಗಲ್ಲಿ ಇಲ್ಲದ ಪೆನ್ ಹುಡುಕಿದೆ.

ಚಪ್ಪಾಳೆ ಜೋರಾಗಿತ್ತು. ನಂದಕ್ಕಿಂತ ಜೋರು. ಬರೆದಿಟ್ಟುಬಿಡ್ತೀನಿ, ಆಮೇಲೆ ನಾನೇ ನಂಬಲ್ಲ.


ಏಪ್ರಿಲ್ 4, ಶುಕ್ರವಾರ

ಅವನಿಗೆ ಆಯ್ತು.

ಮೇಷ್ಟ್ರು ಅವರೇ ನಮ್ಮ ರೂಮಿಗೆ ಬಂದು ಹೇಳಿದ್ರು. ನಿಂತೇ ಇದ್ರು, ಕುರ್ಚಿ ಕೊಟ್ರೂ ಕೂರಲಿಲ್ಲ. "ನೋಡಮ್ಮ, ಒಂದು ಮತದಲ್ಲಿ..." ಅಂದ್ರು. ನಂಗೆ ಮತದ ಲೆಕ್ಕ ಬೇಡ ಸರ್, ಅಂದೆ.

ಅವನು ರಜೆಯಲ್ಲಿದ್ದ. ಒಳ್ಳೇದೇ ಆಯ್ತು. ನಾನು ಅಷ್ಟು ದೊಡ್ಡ ಮನುಷ್ಯಳೇನಲ್ಲ. ಬಸ್ಸಲ್ಲಿ ಅತ್ತೆ. ಕಿಟಕಿ ಕಡೆ ತಿರುಗಿ, ಇಳಿಯೋ ತನಕ. ಸುಮ್ಮನಿದ್ದಿದ್ರೆ ಅಂತ ಒಂದು ಸಲ ಅನ್ನಿಸ್ತು. ಒಂದು ಸಲ ಏನು, ಸ್ಟಾಪಿಗೊಂದು ಸಲ.

ಅಮ್ಮನಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸ್ತಿದ್ಲು. ಪೋಣಿಸಿ ಮುಗಿಸಿದಳು. "ಮುಂದಿನ ಊರಲ್ಲಿ ಮನೆ ಕೆಳಗಡೇನೇ ನೋಡು. ಮೆಟ್ಟಿಲು ಬೇಡ."

"ಅಮ್ಮ, ಸಾರಿ ಕಣೇ."

"ಮೆಷಿನ್‌ಗೆ ನಾಲ್ಕು ಕಾಲಿದೆ, ನಡೀಯುತ್ತೆ. ನನಗಿರೋ ಎರಡೂ ಇನ್ನೂ ಬಿದ್ದು ಹೋಗಿಲ್ಲ." ಆಮೇಲೆ ಒಂದು ಮಾತು ಅಂದಳು. "ನೀನು ಹೇಳದೇ ಬಂದಿದ್ರೆ, ಆ ಕೋಟಿನ ಅಳತೆ ತಗೊಂಡ ಕೈಯಿಂದ ನಿನಗೆ ಅನ್ನ ಬಡಿಸೋದು ಕಷ್ಟ ಆಗ್ತಿತ್ತು."


ಏಪ್ರಿಲ್ 13, ಭಾನುವಾರ

ಬಂದ. ಬಾಗಿಲಲ್ಲಿ ನಿಂತ. ಕೈಯಲ್ಲಿ ಕೋಟು.

ಅಮ್ಮನೇ ಶುರು ಮಾಡಿದಳು. "ಕಚ್ಚಾ ಹೊಲಿಗೆ ಬಿಚ್ಚದೆ ದೊಡ್ಡವರ ಮುಂದೆ ನಿಂತೆಯಂತಲ್ಲೋ! ನನ್ನ ಮಾನ ಕಳೆದೆ. ನಾಳೆ ಯಾರಾದ್ರೂ ನಿನ್ನ ದರ್ಜಿ ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳಬೇಡ. ಒಳಗೆ ಬಾ. ಹಾಕು. ಕೈ ಎತ್ತು."

ಕೈ ಎತ್ತಿ ನಿಂತ, ಪೊಲೀಸರು ಹಿಡಿದ ಹಾಗೆ. ಅಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು ತೋಳು ಎಳೀತಿದ್ಲು. ಆ ಸ್ಥಿತಿಯಲ್ಲೇ ಅಂದ, "ಅಕ್ಕ, ಬಿಟ್ಟುಬಿಡ್ಲಾ?"

"ಏನನ್ನ?"

"ಪೋಸ್ಟ್."

"ಬಿಟ್ರೆ ನನಗೆ ಬರುತ್ತೆ ಅಂದ್ಕೊಂಡ್ಯಾ? ಮತ್ತೆ ಜಾಹೀರಾತು ಹಾಕ್ತಾರೆ. ಇನ್ನೆಲ್ಲಿಂದಲೋ ಇನ್ನಾರೋ ಬರ್ತಾರೆ. ಸುಮ್ಮನೆ ಇಟ್ಕೋ."

"ಬಾಗಿಲಲ್ಲಿ ಹಾಗೆ ಮಾತಾಡಿದೆ ಅವತ್ತು..."

"ಮಾತಾಡ್ದೆ."

"ನೀನು ಹೋದ ಮೇಲೆ ಕೋಡ್ ತೆರೆಯೋಕೂ ಮನಸ್ಸಿರಲಿಲ್ಲ. ಬೇಕಂತಲೇ ಕೆಡಿಸೋಕೆ ಬಂದಿದ್ದಾಳೆ ಅಂದ್ಕೊಂಡೆ. ಕೋಟು ಹಾಕಿ ನೋಡಿದೆ. ಸರಿಯಾಗಿ ಕೂತಿತು. ಡಿಸೆಂಬರ್ ಅಳತೆ, ಹಾಗೇ ಹೊಲಿದಿದ್ದಾರೆ. ಕೆಡಿಸೋರ ಮನೆಯಿಂದ ಇಂಥ ಕೋಟು ಬರಲ್ಲ ಅನ್ನಿಸ್ತು. ಆಮೇಲೆ ಲ್ಯಾಪ್‌ಟಾಪ್ ತೆರೆದೆ."

ಅಮ್ಮ ಪಿನ್ನು ಬಾಯಲ್ಲಿಟ್ಟುಕೊಂಡೇ ಏನೋ ಅಂದಳು. ಅರ್ಥ ಆಗಲಿಲ್ಲ. ಇಬ್ಬರಿಗೂ ನಗು ಬಂತು. ಊಟ ಮಾಡ್ಕೊಂಡು ಹೋದ. ಮಧ್ಯೆ ಬಾಯಿ ಮುಚ್ಚಲಿಲ್ಲ.


ಮೇ 30, ಶುಕ್ರವಾರ
ಬೆಳಗ್ಗೆ

ರಟ್ಟಿನ ಡಬ್ಬದ ಮೇಲೆ ಇಟ್ಟು ಬರೀತಿದ್ದೀನಿ. ಮೇಜು ಆಗಲೇ ಲಾರಿ ಹತ್ತಿದೆ. ಹೊಸ ಕೆಲಸ ಎರಡು ವರ್ಷಕ್ಕೆ. ಕೆಳಗಿನ ಮನೆಯೇ ಸಿಕ್ಕಿದೆ, ಮೆಟ್ಟಿಲಿಲ್ಲ. ಪೇಪರ್ ಕಳಿಸಿಯಾಯ್ತು. ಉತ್ತರ ಎರಡು. ಹೊಸದೇನಲ್ಲ, ಆದ್ರೆ ಹೇಗೆ ಅಂತ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿರಲಿಲ್ಲ ಅಂತ ಮೇಷ್ಟ್ರು ಅಂತಾರೆ. ಸಮಾಧಾನಕ್ಕೆ ಅಂತಿರಬಹುದು, ತಗೊಂಡೆ.

ಎದುರು ಮನೆ ನರ್ಸಮ್ಮ ಬೆಳಗ್ಗೇನೇ ಬಂದು ಅಮ್ಮನ ಕೈ ಹಿಡ್ಕೊಂಡು ಅತ್ತು ಹೋದ್ರು. ಅಮ್ಮ ಅಳಲಿಲ್ಲ. ಅವರ ಬ್ಲೌಸಿನ ಕೊಕ್ಕೆ ಸಡಿಲ ಆಗಿದ್ದು ನೋಡಿ, ನಿಲ್ಲಿಸಿಕೊಂಡೇ ಹೊಲಿದು ಕಳಿಸಿದಳು. ಈಗ ಖಾಲಿ ಕಿಟಕಿ ಹತ್ತಿರ ನಿಂತಿದ್ದಾಳೆ. ಆ ಕಡೆ ನಾನು ನೋಡ್ತಿಲ್ಲ.

ರೇಡಿಯೋ ಆರು ಗಂಟೆಗೇ ಬಂದಿದ್ದಾನೆ, ಅದೇ ಬೂದು ಕೋಟಿನಲ್ಲಿ. ಸಾಮಾನು ಹೊರೋಕೆ ಕೋಟು! "ಇವತ್ತು ಹಾಕ್ಕೊಳ್ದೆ ಇನ್ಯಾವತ್ತು ಅಜ್ಜಿ?" ಅಂತ ಅಮ್ಮನಿಗೇ ತಿರುಗಿ ಹೇಳ್ತಾನೆ. ಅಜ್ಜಿ ಅಂದಿದ್ದಕ್ಕೆ ಒಂದು ಏಟು ಬಿತ್ತು. ಉಳಿದಿರೋದು ಮೆಷಿನ್ ಒಂದೇ. ಲಾರಿಯವನು ಮುಟ್ಟೋ ಹಾಗಿಲ್ಲ, ಅಮ್ಮನ ಆಜ್ಞೆ. ನಾವಿಬ್ಬರೇ ಹೊರಬೇಕು, ಆ ತುದಿ ಅವನು, ಈ ತುದಿ ನಾನು. ಬರೆದು ಮುಗಿಸ್ತೀನಿ ಇರೋ ಅಂದ್ರೆ ಕೇಳ್ತಿಲ್ಲ. ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದಾನೆ —

"ಅಕ್ಕಾ, ನನ್ನ ಕಡೆ ಆಯ್ತು! ನಿನ್ನ —